ನಿಮಗಿದು ಗೊತ್ತೇ? ಗಾಳಿಗೂ ಜಗ್ಗದ ಹಡಗಿನಾಟಗಳು!

ವಿಡಿಯೊ ಗೇಮ್‌ನಲ್ಲಿ ಹಾಯಿಹಡಗು ಓಡಿಸಿದ್ದೀರಾ? ಒಂದು ಬಟನ್ ಒತ್ತಿದರೆ ಹಾಯಿ ಬಿಚ್ಚಿಕೊಳ್ಳುತ್ತದೆ, ಇನ್ನೊಂದು ಒತ್ತಿದರೆ ಫಿರಂಗಿ ಢಮಾರ್! ಇದರಲ್ಲಿ ನಿಜ ಎಷ್ಟು, ಮಜಾಕ್ಕೆಂದು ಬೆರೆಸಿದ್ದು ಎಷ್ಟು? ಓದಿ, ಬೆರಗಾಗುತ್ತೀರಿ!

ಚೌಕ ಹಾಯಿಯ ಹಳೇ ಹಡಗುಗಳು ಗಾಳಿಗೆ ನೇರ ಎದುರಾಗಿ ಹೋಗಲಾರವು. ಗಾಳಿ ಬರುವ ದಿಕ್ಕಿಗೆ 60 ಡಿಗ್ರಿಗಿಂತಲೂ ಓರೆಯಾಗಿ, ಅಂಕುಡೊಂಕಾಗಿಯೇ ಸಾಗಬೇಕು. 2013ರ ‘ಅಸಾಸಿನ್ಸ್ ಕ್ರೀಡ್ 4: ಬ್ಲ್ಯಾಕ್ ಫ್ಲ್ಯಾಗ್’ ಆಟದಲ್ಲಿ? ಗಾಳಿಯ ಮುಖಕ್ಕೇ ನುಗ್ಗಿ, ಹಡಗು ನಿಲ್ಲದೆ ಓಡುತ್ತದೆ!

ಗಾಳಿ ಸರಿಯಿಲ್ಲವೇ? ಗಾಳಿಯನ್ನೇ ತಿರುಗಿಸಿಬಿಡಿ! 2002ರಲ್ಲಿ ಜಪಾನಿನ ನಿಂಟೆಂಡೊ ತಂದ ‘ಜೆಲ್ಡಾ: ವಿಂಡ್ ವೇಕರ್’ನಲ್ಲಿ ನಾಯಕ ಪುಟ್ಟ ಕೋಲು ಬೀಸಿದರೆ ಸಾಕು, ಗಾಳಿ ಹೇಳಿದ ಕಡೆಗೆ ಬೀಸುತ್ತದೆ. ಆದರೆ ದಿಕ್ಕು ಬದಲಿಸಿದಾಗಲೆಲ್ಲ ಕೋಲು ಬೀಸುವುದೂ ಬೇಸರವೇ ಅಲ್ಲವೇ? 2013ರ ಹೊಸ ಆವೃತ್ತಿಯಲ್ಲಿ ಬಂತು ನೋಡಿ ಇನ್ನೊಂದು ಹಾಯಿ. ಅದನ್ನು ಏರಿಸಿದರೆ ಗಾಳಿ ಯಾವಾಗಲೂ ಬೆನ್ನ ಹಿಂದೆಯೇ!

ಗಾಳಿ ಕಣ್ಣಿಗೆ ಕಾಣುತ್ತದೆಯೇ? ಆಟದಲ್ಲಿ ಕಾಣುತ್ತದೆ! ಕುರ್ಚಿಯಲ್ಲಿ ಕುಳಿತವರ ಕೆನ್ನೆಗೆ ಸಮುದ್ರದ ಗಾಳಿ ತಾಗುವುದಿಲ್ಲವಲ್ಲ. ಅದಕ್ಕೇ ‘ವಿಂಡ್ ವೇಕರ್’ನಲ್ಲೂ 2018ರ ‘ಸೀ ಆಫ್ ಥೀವ್ಸ್’ ಆಟದಲ್ಲೂ ಗಾಳಿಯನ್ನು ಬಿಳಿ ಗೆರೆಗಳಾಗಿ ತೇಲಿಬಿಟ್ಟಿದ್ದಾರೆ.

1987ರ ‘ಸಿಡ್ ಮೈಯರ್ಸ್ ಪೈರೇಟ್ಸ್!’ ಆಟ ಮಾತ್ರ ಗಾಳಿಯ ವಿಷಯದಲ್ಲಿ ಬಲು ಕಟ್ಟುನಿಟ್ಟು. ಕೆರಿಬಿಯನ್ ಕಡಲಲ್ಲಿ ಗಾಳಿ ಹೆಚ್ಚಾಗಿ ಪೂರ್ವದಿಂದಲೇ ಬೀಸುತ್ತದೆ. ಆಟದಲ್ಲೂ ಹಾಗೆಯೇ! ಪಶ್ಚಿಮಕ್ಕೆ ಸರ್ರನೆ ಹೋಗುತ್ತೀರಿ, ಪೂರ್ವಕ್ಕೆ ಮರಳುವಾಗ ತೆವಳುತ್ತೀರಿ.

ಅದೇ ಆಟದಲ್ಲಿ ಕಡಲುಗಳ್ಳನಿಗೂ ವಯಸ್ಸಾಗುತ್ತದೆ! ವರ್ಷ ಕಳೆದಂತೆ ಆರೋಗ್ಯ ಕುಂದುತ್ತದೆ, ಕೊನೆಗೆ ನಿವೃತ್ತಿ. ಚೆನ್ನಾಗಿ ಆಡಿದ್ದರೆ ರಾಜನ ಸಲಹೆಗಾರ. ಇಲ್ಲದಿದ್ದರೆ? ಭಿಕ್ಷುಕ!

ಒಂದು ಹಡಗು ನಡೆಸಲು ಎಷ್ಟು ಜನ ಬೇಕು? 1805ರ ಟ್ರಫಾಲ್ಗರ್ ನೌಕಾ ಕದನದಲ್ಲಿ ಬ್ರಿಟಿಷರ ‘ವಿಕ್ಟರಿ’ ಹಡಗಿನಲ್ಲಿದ್ದವರು ಎಂಟುನೂರಕ್ಕೂ ಹೆಚ್ಚು ಮಂದಿ, ಫಿರಂಗಿಗಳು 104. ‘ಸೀ ಆಫ್ ಥೀವ್ಸ್’ನಲ್ಲಿ ಮೂರು ಹಾಯಿಕಂಬಗಳ ದೊಡ್ಡ ಹಡಗನ್ನು ನಡೆಸುವವರು ಎಷ್ಟು ಜನ ಗೊತ್ತೇ? ಬರೀ ನಾಲ್ವರು!

ಆ ನಾಲ್ವರಿಗೂ ಕೈತುಂಬ ಕೆಲಸ ಕೊಟ್ಟಿದ್ದಾರೆ, ಅದೇ ತಮಾಷೆ. ಚುಕ್ಕಾಣಿ ಹಿಡಿದವನ ಮುಂದೆ ಹಾಯಿ ಅಡ್ಡ, ದಾರಿಯೇ ಕಾಣದು. ನಕ್ಷೆ ಇರುವುದು ಕೆಳಗಿನ ಅಂತಸ್ತಿನಲ್ಲಿ. ಒಬ್ಬ ಓಡಿಹೋಗಿ ನೋಡಿ ಬರಬೇಕು, ಇನ್ನೊಬ್ಬ ಮುಂದೆ ನಿಂತು ‘ಬಂಡೆ! ಎಡಕ್ಕೆ ತಿರುಗಿಸು!’ ಎಂದು ಕೂಗಬೇಕು. ಲಂಗರನ್ನು ರಾಟೆ ತಳ್ಳಿಯೇ ಎತ್ತಬೇಕು. ತಳ ಒಡೆದರೆ ಹಲಗೆ ಬಡಿಯಬೇಕು, ನುಗ್ಗಿದ ನೀರನ್ನು ಬಕೆಟ್ಟಿನಲ್ಲಿ ಮೊಗೆದು ಹೊರಗೆ ಚೆಲ್ಲಬೇಕು. ಈ ಪೇಚಾಟವೇ ಆಟದ ಮಜಾ!

ಗಾಯವಾಯಿತೇ? ಬಾಳೆಹಣ್ಣು ತಿನ್ನಿ, ವಾಸಿಯಾಗುತ್ತದೆ! ದ್ವೀಪಕ್ಕೆ ಬೇಗ ಹೋಗಬೇಕೇ? ಫಿರಂಗಿಯೊಳಗೆ ನೀವೇ ಕುಳಿತು ಹಾರಿ! ರಾಟೆ ತಳ್ಳಿಸುವ ಆಟವೇ ಇದಕ್ಕೂ ಒಪ್ಪಿದೆ ನೋಡಿ!

ನಿಜವಾದ ದೊಡ್ಡ ಫಿರಂಗಿಯಲ್ಲಿ ಒಂದು ಗುಂಡು ಹಾರಿಸಿ ಇನ್ನೊಂದನ್ನು ತುಂಬಲು ಪಳಗಿದ ತಂಡಕ್ಕೂ ಒಂದೆರಡು ನಿಮಿಷ ಬೇಕಿತ್ತು. ‘ಬ್ಲ್ಯಾಕ್ ಫ್ಲ್ಯಾಗ್’ನಲ್ಲಿ ಕೆಲವೇ ಸೆಕೆಂಡು, ಇಡೀ ಸಾಲು ಮತ್ತೆ ಸಿದ್ಧ!

ಇಂಥ ಆಟಗಳಲ್ಲಿ ನಾಲ್ಕಾರು ಸಲ ಗುಂಡು ಬಿದ್ದರೆ ಹಡಗು ಮುಳುಗುತ್ತದೆ. ನಿಜದಲ್ಲಿ? ಮರದ ಹಡಗುಗಳು ಅಷ್ಟು ಸುಲಭಕ್ಕೆ ಮುಳುಗುತ್ತಿರಲಿಲ್ಲ. ಟ್ರಫಾಲ್ಗರ್‌ನಲ್ಲಿ ಬ್ರಿಟಿಷರ ಎದುರಾಳಿ ಫ್ರಾನ್ಸ್-ಸ್ಪೇನ್ ಕೂಟದ ಹಡಗುಗಳು 33. ಕದನದ ನಡುವೆಯೇ ನಾಶವಾದದ್ದು ಒಂದೇ ಒಂದು! ಅದೂ ಬೆಂಕಿ ಹತ್ತಿ ಸಿಡಿದದ್ದು.

‘ಬ್ಲ್ಯಾಕ್ ಫ್ಲ್ಯಾಗ್’ನ ನಾವಿಕರು ಹಾಡುತ್ತಲೇ ಹಡಗು ನಡೆಸುತ್ತಾರೆ. ಹೊಸ ಹಾಡು ಬೇಕೆಂದರೆ ಗಾಳಿಗೆ ಹಾರುವ ಹಾಳೆಯನ್ನು ಮಾಡಿನಿಂದ ಮಾಡಿಗೆ ಓಡಿ ಹಿಡಿಯಬೇಕು! ಇನ್ನೂ ಸೋಜಿಗ ಕೇಳಿ. ಕಥೆ ಶುರುವಾಗುವುದು 1715ರಲ್ಲಿ, ಹಾಡುಗಳಲ್ಲಿ ಹಲವು 19ನೇ ಶತಮಾನದವು. ಹುಟ್ಟದ ಹಾಡನ್ನು ಹಾಡುವ ನಾವಿಕರು!

ಇದಕ್ಕೆಲ್ಲ ತದ್ವಿರುದ್ಧವಾದ ಆಟವೂ ಇದೆ. ಅದು ‘ವರ್ಚುವಲ್ ರೆಗಾಟ್ಟಾ’. ಅಲ್ಲಿ ಬೀಸುವುದು ನಿಜ ಹವಾಮಾನದ ಗಾಳಿ, ಓಡುವುದು ನಿಜ ಗಡಿಯಾರ! ನೀವು ಮಲಗಿದರೂ ದೋಣಿ ಸಾಗುತ್ತಲೇ ಇರುತ್ತದೆ. 2020ರಲ್ಲಿ ಶುರುವಾದ ‘ವಾಂಡೆ ಗ್ಲೋಬ್’ ಭೂಪ್ರದಕ್ಷಿಣೆ ಪಂದ್ಯದ ನಿಜವಾದ ವಿಜೇತನಿಗೆ ಬೇಕಾದದ್ದು 80 ದಿನ. ಜೊತೆಜೊತೆಗೇ ಮನೆಯಲ್ಲಿ ಕುಳಿತು ಆಡಿದವರು 10 ಲಕ್ಷಕ್ಕೂ ಹೆಚ್ಚು!

ಉಳಿದ ಆಟಗಳೆಲ್ಲ ಕತ್ತರಿಸುವುದು ಕಾಯುವಿಕೆಯನ್ನು. ‘ಸೀ ಆಫ್ ಥೀವ್ಸ್’ನಲ್ಲಿ ಒಂದು ಹಗಲೂ ರಾತ್ರಿಯೂ ಸೇರಿ 24 ನಿಮಿಷ ಅಷ್ಟೇ! ನಿಜ ಕಡಲಲ್ಲಿ? ವಾಸ್ಕೋ ಡ ಗಾಮ 1498ರಲ್ಲಿ ಆಫ್ರಿಕದಿಂದ ಕಲ್ಲಿಕೋಟೆಗೆ ಬಂದದ್ದು ನಾಲ್ಕು ವಾರದೊಳಗೆ, ಮುಂಗಾರು ಗಾಳಿ ಬೆನ್ನಿಗಿತ್ತು. ಮರಳುವಾಗ ನಮ್ಮ ಕಾರವಾರದೆದುರಿನ ಅಂಜುದೀವ ದ್ವೀಪದಿಂದ ಅಕ್ಟೋಬರಿನಲ್ಲಿ ಹೊರಟ. ಗಾಳಿ ಕೈಕೊಟ್ಟಿತು. ಆಫ್ರಿಕ ಸೇರಲು ಮೂರು ತಿಂಗಳು! ವಸಡು ಬಾತು ನೆತ್ತರು ಸುರಿಸುವ ಸ್ಕರ್ವಿ ರೋಗಕ್ಕೆ ಎಷ್ಟೋ ನಾವಿಕರು ಬಲಿಯಾದರು.

ಇಷ್ಟನ್ನೂ ಇದ್ದ ಹಾಗೇ ತೋರಿಸಿದರೆ ಯಾರು ತಾನೇ ಆಡಿಯಾರು? ಗಾಳಿ, ಹಗ್ಗ, ಕೂಗಾಟ ಇರಲಿ. ತಿಂಗಳುಗಟ್ಟಲೆ ಕಾಯುವುದೂ ಕಾಯಿಲೆಯೂ ಬೇಡ. ಒಳ್ಳೆಯ ಹಡಗಿನಾಟದ ಗುಟ್ಟು ಇಷ್ಟೇ! ಮುಂದಿನ ಸಲ ಆಡುವಾಗ ಒಮ್ಮೆ ನೇರ ಎದುರುಗಾಳಿಗೆ ತಿರುಗಿಸಿ ನೋಡಿ. ಹಡಗು ಆಗಲೂ ಓಡಿದರೆ, ನಿಮ್ಮ ಆಟ ಮಜಾದ ಕಡೆಗೆ ವಾಲಿದೆ ಎಂದೇ ತಿಳಿಯಿರಿ!