ಪೇಟೆಯ ಕಸ, ತೋಟದ ಗೊಬ್ಬರ

ಕಳೆದ ಗೊಬ್ಬರದ ಹಂಗಾಮಿನಲ್ಲಿ ಸ್ನಾತಕೋತ್ತರ ವಿದ್ಯಾರ್ಥಿನಿಯೊಬ್ಬಳು ನಮ್ಮ ಸಂಘದ ಗೋದಾಮಿಗೆ ಬಂದಿದ್ದಳು. ಪಟ್ಟಣದ ಹಸಿಕಸದಲ್ಲಿರುವ ಸಸ್ಯಪೋಷಕಗಳು ಎಲ್ಲಿಂದ ಬಂದು ಎಲ್ಲಿಗೆ ಸೇರುತ್ತವೆ ಎಂಬುದು ಆಕೆಯ ಸಂಶೋಧನೆಯ ವಿಷಯ. ದಾಸ್ತಾನು ಪುಸ್ತಕ ನೋಡಿ ಲೆಕ್ಕ ಬರೆದುಕೊಂಡ ಮೇಲೆ, "ಸರ್, ಇಷ್ಟು ಚೀಲ ಒಳಗೆ ಬರುತ್ತದೆ, ಸರಿ. ನಿಮ್ಮ ತೋಟದಿಂದ ಹೊರಗೆ ಹೋದದ್ದು ವಾಪಸು ಬರುವುದೇ ಇಲ್ಲವೇ?" ಎಂದು ಕೇಳಿದಳು. "ಕಾಫಿ ಪೇಟೆಯವರ ಹೊಟ್ಟೆ ಸೇರಿತು, ಅಡಿಕೆ ಬಸ್‌ನಿಲ್ದಾಣದ ಗೋಡೆ ಸೇರಿತು, ವಾಪಸು ಹೇಗೆ ಬರಬೇಕಮ್ಮಾ?" ಎಂದು ನಗೆಯಾಡಿ ಕಳಿಸಿದೆ.

ನಗೆಯಾಡಿ ಬಿಡುವ ಮಾತಲ್ಲವೆಂದು ವಾರ್ಷಿಕ ಸಭೆಯಲ್ಲಿ ಗೊತ್ತಾಯಿತು. ನಗರ ಕಾಂಪೋಸ್ಟನ್ನು ಸಂಘದ ಮೂಲಕವೇ ತರಿಸಬೇಕೆಂದು ಹಲವು ಸದಸ್ಯರು ಒತ್ತಾಯಿಸಿದರು. ಅವರ ಕಷ್ಟ ನನಗೂ ಗೊತ್ತು. ಕೊಟ್ಟಿಗೆಯಲ್ಲಿ ದನವಿಲ್ಲ, ಸೊಪ್ಪಿನ ಬೆಟ್ಟ ಬೋಳಾಗಿದೆ, ಸೊಪ್ಪು ಕಡಿಯಲು ಆಳು ಸಿಕ್ಕುವುದಿಲ್ಲ. ಆದರೆ ಸಂಘದ ಹಣ ಹಾಕುವ ಮುಂಚೆ ಲೆಕ್ಕ ನೋಡಬೇಕಷ್ಟೆ.

ಪೇಟೆಯ ಕಸವನ್ನು ಗೊಬ್ಬರ ಮಾಡುವುದು ಹೊಸ ವಿದ್ಯೆಯೇನಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಡಾ. ಸಿ. ಎನ್. ಆಚಾರ್ಯ ಅವರು 1939ರಲ್ಲಿ ರೂಪಿಸಿದ ಕ್ರಮ ಇಂದಿಗೂ ಕೃಷಿ ಪುಸ್ತಕಗಳಲ್ಲಿ 'ಬೆಂಗಳೂರು ವಿಧಾನ'ವೆಂದೇ ಹೆಸರಾಗಿದೆ. ಉದ್ದನೆಯ ಗುಂಡಿಯಲ್ಲಿ ಊರ ಕಸ ಒಂದು ಪದರ, ಮಲ ಒಂದು ಪದರ ಹರಡುತ್ತ ಬಂದು ಮೇಲೆ ಮಣ್ಣು ಮುಚ್ಚಿಬಿಡುವುದು. ಮಗುಚುವ ಕೆಲಸವಿಲ್ಲ, 6ರಿಂದ 8 ತಿಂಗಳಿಗೆ ಗೊಬ್ಬರ. ಅಂದಿನ ಕಸವೆಂದರೆ ಬೂದಿ, ಎಲೆ, ತರಕಾರಿ ಸಿಪ್ಪೆ. ಪ್ಲಾಸ್ಟಿಕ್ಕಿಲ್ಲ, ಬ್ಯಾಟರಿಯಿಲ್ಲ. 1975ರಲ್ಲಿ ಕರ್ನಾಟಕ ಕಾಂಪೋಸ್ಟ್ ಅಭಿವೃದ್ಧಿ ನಿಗಮ ಸ್ಥಾಪನೆಯಾಯಿತು. ಹಾಗಿದ್ದೂ ಬೆಂಗಳೂರಿನ ಕಸದ ಬಹುಪಾಲು ಹಳ್ಳಿಗಳ ಅಂಚಿನಲ್ಲಿ ಗುಡ್ಡೆಯಾಯಿತು. 2012ರಲ್ಲಿ ಮಾವಳ್ಳಿಪುರದ ಭರ್ತಿಸ್ಥಳ ಮುಚ್ಚಿದಾಗ ರಾಜಧಾನಿಯ ಬೀದಿಗಳು ನಾರಿದವು. ಮಂಡೂರಿನವರು ಹೋರಾಡಿ 2014ರ ಕೊನೆಗೆ ತಮ್ಮೂರಿಗೆ ಬರುವ ಕಸ ನಿಲ್ಲಿಸಿದರು. ನಮ್ಮಂಥ ರೈತರ ಹೊಲದಿಂದ ಹೋದ ಸಾರವೇ ಅಲ್ಲಿ ಇನ್ನೊಬ್ಬ ರೈತನ ಬಾವಿಯ ಪಾಲಿಗೆ ವಿಷವಾಗಿತ್ತು.

ಈಗ ಲೆಕ್ಕ. ರಸಗೊಬ್ಬರ ನಿಯಂತ್ರಣ ಆದೇಶದ ಪ್ರಕಾರ ನಗರ ಕಾಂಪೋಸ್ಟಿನಲ್ಲಿ ಕನಿಷ್ಠ ಶೇ. 0.8 ಸಾರಜನಕ, ಶೇ. 0.4 ರಂಜಕ, ಶೇ. 0.4 ಪೊಟ್ಯಾಷ್, ಶೇ. 12 ಸಾವಯವ ಇಂಗಾಲ ಇರಬೇಕು. ಅಡಿಕೆ ಮರವೊಂದಕ್ಕೆ ವರ್ಷಕ್ಕೆ 100 ಗ್ರಾಂ ಸಾರಜನಕ, 40 ಗ್ರಾಂ ರಂಜಕ, 140 ಗ್ರಾಂ ಪೊಟ್ಯಾಷ್, ಜೊತೆಗೆ 12 ಕಿಲೋ ಹಸಿರು ಸೊಪ್ಪು, 12 ಕಿಲೋ ಕಾಂಪೋಸ್ಟ್ ಎಂಬ ಶಿಫಾರಸು ನಮಗೆಲ್ಲ ಬಾಯಿಪಾಠ. ಆ 12 ಕಿಲೋವನ್ನು ನಗರ ಕಾಂಪೋಸ್ಟಿನಲ್ಲೇ ಕೊಟ್ಟರೆ 96 ಗ್ರಾಂ ಸಾರಜನಕ, ರಂಜಕ ಪೊಟ್ಯಾಷ್ ತಲಾ 48 ಗ್ರಾಂ ಸಿಕ್ಕಂತೆ. ಕಾಗದದ ಮೇಲೆ ಯೂರಿಯಾವನ್ನೇ ಬಿಡಬಹುದೆಂದು ಕಾಣುತ್ತದೆ. ಹಾಗೆ ಬಿಟ್ಟವರ ಮರ ಹಳದಿಯಾದೀತು. ಕಾಂಪೋಸ್ಟಿನ ಸಾರಜನಕ ಮಣ್ಣಿನ ಜೀವಾಣುಗಳು ಅರಗಿಸಿದಂತೆಲ್ಲ ಸ್ವಲ್ಪಸ್ವಲ್ಪವಾಗಿ ಬಿಡುಗಡೆಯಾಗುವಂಥದು. ಮೊದಲ ವರ್ಷ ಬೇರಿಗೆ ದಕ್ಕುವುದು ಅದರಲ್ಲಿ ಒಂದು ಭಾಗ ಮಾತ್ರ. ಪೊಟ್ಯಾಷಂತೂ ಬೇಕಾದುದರ ಮೂರನೇ ಒಂದು ಪಾಲು. ಅದು ನೀರಿನಲ್ಲಿ ಕರಗುವ ವಸ್ತು, ಬಯಲಿನಲ್ಲಿ ರಾಶಿ ಹಾಕಿದ ಕಸದಿಂದ ಮೊದಲ ಮಳೆಗೇ ಕಪ್ಪುನೀರಾಗಿ ಇಳಿದುಹೋಗುತ್ತದೆ.

ಇನ್ನು ಬಾಡಿಗೆ. ಒಂದು ಟನ್ ಕಾಂಪೋಸ್ಟಿನಲ್ಲಿರುವ 8 ಕಿಲೋ ಸಾರಜನಕ ಸುಮಾರು 17 ಕಿಲೋ ಯೂರಿಯಾಕ್ಕೆ ಸಮ. 45 ಕಿಲೋ ಚೀಲದ ಅರ್ಧವೂ ಅಲ್ಲ. ಹತ್ತು ಟನ್ನಿನ ಲಾರಿ ಬೆಂಗಳೂರಿನಿಂದ ಮಲೆನಾಡು ಹತ್ತಿ ಬಂದರೆ ನಾಲ್ಕು ಚೀಲದಷ್ಟು ಸಾರಜನಕ ಇಳಿಸಿದಂತಾಯಿತು. ಎಕರೆಗೆ 550 ಮರ ಹಿಡಿದರೆ ಆರೂವರೆ ಟನ್ನಿಗೂ ಮೇಲೆ ಬೇಕು. ಕೊಳ್ಳುವುದಾದರೆ ಇಂಗಾಲಕ್ಕಾಗಿ, ಮಣ್ಣಿನ ಮೈಗಾಗಿ ಕೊಳ್ಳಬೇಕೇ ಹೊರತು ಸಾರಜನಕಕ್ಕಾಗಿ ಅಲ್ಲ. ತೇವಾಂಶ ಶೇ. 15ರಿಂದ 25ರೊಳಗೆ ಇರಬೇಕೆಂಬ ನಿಯಮವಿದೆ. ಮೀರಿದ್ದರೆ ನೀರಿಗೆ ಬಾಡಿಗೆ ಕೊಟ್ಟಂತೆ.

ನನ್ನ ನಿಜವಾದ ಅಂಜಿಕೆ ಬೇರೆಯದು. ಬೆರಕೆ ಕಸದ ಕಾಂಪೋಸ್ಟಿನಲ್ಲಿ ಸೀಸ, ಕ್ಯಾಡ್ಮಿಯಂ ಬರಬಹುದು. ಕಿಲೋಗೆ ಸೀಸ 100 ಮಿಲಿಗ್ರಾಂ, ಕ್ಯಾಡ್ಮಿಯಂ 5, ಪಾದರಸ 0.15 ಮೀರಬಾರದೆಂದು ಮಿತಿಯಿದೆ. ತರಕಾರಿ ಗದ್ದೆಯಾದರೆ ಬೆಳೆ ಬದಲಿಸಬಹುದು. ಅಜ್ಜ ನೆಟ್ಟ ತೋಟದಲ್ಲಿ ಮೊಮ್ಮಗ ಕೊನೆ ಇಳಿಸುವ ನಾವು ಒಮ್ಮೆ ಹಾಕಿದ ಲೋಹವನ್ನು ಹೊರಗೆ ತೆಗೆಯಲಾರೆವು.

ನಾನೇ ಒಮ್ಮೆ ಅಗ್ಗವೆಂದು ಒಂದು ಲೋಡು ತರಿಸಿ ಕಾಫಿ ಗಿಡಕ್ಕೆ ಹಾಕಿಸಿದ್ದೆ. ಪರೀಕ್ಷಾ ವರದಿ ಕೇಳಲಿಲ್ಲ, ಅದು ನನ್ನ ತಪ್ಪು. ರಾಶಿ ಇನ್ನೂ ಬಿಸಿಯಾಗಿತ್ತು, ಹುಳಿವಾಸನೆ. ಒಳಗೆ ಶಾಂಪೂ ಪೊಟ್ಟಣ, ಗಾಜಿನ ಚೂರು. ಬುಡ ಬಿಡಿಸುತ್ತಿದ್ದ ಹೆಣ್ಣಾಳಿನ ಅಂಗೈ ಸೀಳಿ ನಾಲ್ಕು ಹೊಲಿಗೆ ಬಿತ್ತು. ಆ ಪಟ್ಟೆಯಲ್ಲಿ ಇಂದಿಗೂ ಕಳೆ ತೆಗೆಯುವಾಗ ಗಾಜು ಮಿನುಗುತ್ತದೆ. ಅರೆಬೆಂದ ಕಾಂಪೋಸ್ಟ್ ಮಣ್ಣಿನ ಸಾರಜನಕವನ್ನೇ ಎಳೆದುಕೊಳ್ಳುತ್ತದೆಂಬುದನ್ನೂ ಆ ವರ್ಷ ಪೇಲವವಾದ ಗಿಡಗಳೇ ತೋರಿಸಿಕೊಟ್ಟವು.

ಆ ಹುಡುಗಿ ಹೋಗುವ ಮುಂಚೆ ಪಲ್ಪರ್ ಮನೆಯ ಹಿಂದೆ ಇಣುಕಿ, "ಈ ಸಿಪ್ಪೆ ಏನು ಮಾಡುತ್ತೀರಿ ಸರ್?" ಎಂದೂ ಕೇಳಿದ್ದಳು. ಆ ಪ್ರಶ್ನೆಗೆ ನನ್ನಲ್ಲಿ ತಮಾಷೆಯ ಉತ್ತರವಿರಲಿಲ್ಲ. ಹಣ್ಣಿನ ತೂಕದಲ್ಲಿ ಸುಮಾರು ಶೇ. 40ರಷ್ಟು ಆ ಸಿಪ್ಪೆಯೇ. ಪೊಟ್ಯಾಷ್ ಅದರಲ್ಲಿ ಧಾರಾಳ. ಹಳ್ಳದ ಬದಿಗೆ ಸುರಿದು ಕೈ ತೊಳೆದುಕೊಳ್ಳುವವರು ನಮ್ಮಲ್ಲೇ ಇದ್ದಾರೆ. ಅಡಿಕೆ ಸಿಪ್ಪೆಗೆ ರಸ್ತೆಬದಿಯಲ್ಲಿ ಬೆಂಕಿ. ಪೇಟೆಯವರನ್ನು ಬೈಯುವ ಬಾಯಿ ಆಗ ನನ್ನದೂ ಕಟ್ಟಿತು.

ಆಡಳಿತ ಮಂಡಳಿಯ ಮುಂದೆ ನಾನು ಇಟ್ಟಿರುವುದು ಇಷ್ಟು: ಮೂಲದಲ್ಲೇ ಬೇರ್ಪಡಿಸಿದ ಹಸಿಕಸದಿಂದಾದ ಕಾಂಪೋಸ್ಟ್ ಒಂದೇ ಲೋಡು; ಆ ರಾಶಿಯದೇ ಪರೀಕ್ಷಾ ವರದಿ ಕೈಸೇರಿದ ಮೇಲೆ ಹಣ; 4 ಮಿಲಿಮೀಟರ್ ಜರಡಿಯಲ್ಲಿ ಗೋದಾಮಿನ ಅಂಗಳದಲ್ಲೇ ಜಾಲಿಸಿ ನೋಡುವುದು; ನರ್ಸರಿ ಚೀಲಕ್ಕೆ ಖಂಡಿತ ಕೂಡದು, ಅಲ್ಲಿಗೆ ಕಾಡುಮಣ್ಣು, ಕೊಟ್ಟಿಗೆಗೊಬ್ಬರ, ಮರಳೇ ಸರಿ. ಮೂವರು ಸದಸ್ಯರ ತೋಟದಲ್ಲಿ ಎರಡೆರಡು ಸಾಲು ಮರಕ್ಕೆ ಹಾಕಿ, ಪಕ್ಕದ ಎರಡು ಸಾಲಿಗೆ ಕೊಳೆಸಿದ ಕಾಫಿ ಸಿಪ್ಪೆ ಹಾಕಿ ಎರಡು ವರ್ಷ ನೋಡೋಣ. ಹಾಕುವ ಮುಂಚಿನ ಮಣ್ಣುಪರೀಕ್ಷೆಯ ಖರ್ಚು ಸಂಘದ್ದು. ಸಾಲು ಕೊಡಲು ಒಪ್ಪುವವರು ಮುಂದಿನ ಮಾಸಿಕ ಸಭೆಯೊಳಗೆ ಗೋದಾಮಿನ ಗುಮಾಸ್ತರಲ್ಲಿ ಹೆಸರು ಬರೆಸಬೇಕು. ನೀರು ನಿಲ್ಲುವ ತಗ್ಗಿನ ತೋಟದವರು ದಯವಿಟ್ಟು ಬೇಡ.