ಸೆಲ್ ಸತ್ತರೂ ಕಾರು ಗುರುತು ಹಿಡಿದದ್ದು ಹೇಗೆ?

ಓದುಗರೊಬ್ಬರು ಕೇಳಿದ್ದಾರೆ: "ಕಾರಿನ ರಿಮೋಟ್ ಕೀಯ ಸೆಲ್ ಖಾಲಿಯಾಗಿತ್ತು. ಸರ್ವಿಸ್ ಸೆಂಟರಿಗೆ ಫೋನ್ ಮಾಡಿದರೆ, ರಿಮೋಟನ್ನು ಸ್ಟಾರ್ಟ್ ಬಟನ್ನಿಗೆ ತಾಗಿಸಿ ಒತ್ತಿ ಅಂದರು. ಗಾಡಿ ಸ್ಟಾರ್ಟ್ ಆಗಿಯೇಬಿಟ್ಟಿತು! ಸೆಲ್ಲೇ ಇಲ್ಲದ ಮೇಲೆ ಕಾರಿಗೆ ನನ್ನ ಗುರುತು ಹೇಳಿದ್ದು ಯಾರು?"

ಈ ರಿಮೋಟನ್ನು ನಾನು ಕೂಡುಕುಟುಂಬ ಎಂದೇ ಭಾವಿಸುತ್ತೇನೆ. ಒಂದೇ ಪ್ಲಾಸ್ಟಿಕ್ ಸೂರಿನಡಿ ಅಜ್ಜ, ಅಪ್ಪ, ಮಗ ಮೂವರೂ ಇದ್ದಾರೆ. ದಿನವೂ ದುಡಿಯುವವನು, ಜಾಹೀರಾತಿನಲ್ಲಿ ಮಿಂಚುವವನು ಮಗ. ನೀವು ಬಾಗಿಲ ಹ್ಯಾಂಡಲ್ ಮುಟ್ಟಿದ ಕೂಡಲೇ ಕಾರು ತನ್ನ ಸುತ್ತ ಒಂದೆರಡು ಮೀಟರಿನ ಮಟ್ಟಿಗೆ, ಸಾಮಾನ್ಯವಾಗಿ 125 ಕಿಲೋಹರ್ಟ್ಸ್ ಆಸುಪಾಸಿನ ಕಾಂತಕ್ಷೇತ್ರ ಹರಡಿ ಸವಾಲು ಹಾಕುತ್ತದೆ. ಜೇಬಿನಲ್ಲಿರುವ ರಿಮೋಟ್ ಎಚ್ಚೆತ್ತು ಗುಪ್ತ ಲೆಕ್ಕವೊಂದನ್ನು ಮಾಡಿ ಉತ್ತರವನ್ನು ರೇಡಿಯೊ ಅಲೆಯಲ್ಲಿ ಕಳಿಸುತ್ತದೆ. ಆ ಉತ್ತರ ಕಳಿಸಲು 3 ವೋಲ್ಟ್‌ನ ಸೆಲ್ ಬೇಕೇ ಬೇಕು. ಅದು ಸತ್ತರೆ ಮಗ ಹಾಸಿಗೆ ಹಿಡಿದಂತೆ.

ಆಗ ಎದ್ದು ಬರುವವನು ಅಪ್ಪ. ಅವನಿಗೆ ಸೆಲ್ಲಿನ ಹಂಗಿಲ್ಲ. ರಿಮೋಟ್ ಒಳಗೆ ತಾಮ್ರದ ಸಣ್ಣ ಸುರುಳಿ ಮತ್ತು ಚಿಪ್ ಇವೆ. ಬದಲಾಗುವ ಕಾಂತಕ್ಷೇತ್ರ ಸುರುಳಿಯಲ್ಲಿ ವಿದ್ಯುತ್ ಹುಟ್ಟಿಸುತ್ತದೆ ಎಂದು ಮೈಕೇಲ್ ಫ್ಯಾರಡೆ 1831ರಲ್ಲೇ ತೋರಿಸಿಕೊಟ್ಟಿದ್ದ. ಸುರುಳಿಯೊಂದರ ಕಾಂತಕ್ಷೇತ್ರ ದೂರದೊಂದಿಗೆ ಬಹಳ ಬೇಗ ಕುಗ್ಗುತ್ತದೆ; ದೂರ ಎರಡು ಪಟ್ಟಾದರೆ ಬಲ ಸುಮಾರು ಎಂಟನೇ ಒಂದು ಪಾಲಿಗೆ ಇಳಿಯುತ್ತದೆ. ತಾಗಿಸಿ ಹಿಡಿಯಿರಿ ಎಂದದ್ದು ಇದಕ್ಕೇ. ಅಷ್ಟು ಹತ್ತಿರದಲ್ಲಿ ಸಿಗುವ ವಿದ್ಯುತ್ತೇ ಚಿಪ್ಪನ್ನು ಎಬ್ಬಿಸಲು ಸಾಕು. ಚಿಪ್ ಹೊಸ ಅಲೆ ಕಳಿಸಬೇಕೆಂದೂ ಇಲ್ಲ. ತಾನು ಹೀರುವ ವಿದ್ಯುತ್ತನ್ನು ಒಂದು ಲಯದಲ್ಲಿ ಹೆಚ್ಚುಕಡಿಮೆ ಮಾಡಿದರೆ, ಆ ಏರಿಳಿತವನ್ನು ಕಾರು ತನ್ನ ಸುರುಳಿಯಲ್ಲಿ ಗ್ರಹಿಸಿ ಗುರುತನ್ನು ಓದಿಕೊಳ್ಳುತ್ತದೆ. ನಮ್ಮ ಮೆಟ್ರೊ ಕಾರ್ಡಿನಲ್ಲೂ ಸೆಲ್ ಇಲ್ಲ. ಅದೂ ಗೇಟಿನಿಂದಲೇ ಶಕ್ತಿ ಪಡೆದು ಗೇಟಿಗೇ ಉತ್ತರ ಹೇಳುತ್ತದೆ.

ಹೊರಗಿನವರ ಶಕ್ತಿಯಲ್ಲೇ ಮಾತಾಡುವ ಯಂತ್ರಗಳ ಇತಿಹಾಸದಲ್ಲಿ ನನಗೆ ಅತ್ಯಂತ ಇಷ್ಟವಾದದ್ದು ಒಂದು ಗೂಢಚಾರಿಕೆಯ ಕಥೆ. 1945ರಲ್ಲಿ ಸೋವಿಯತ್ ಶಾಲಾ ಮಕ್ಕಳು ಮಾಸ್ಕೊದ ಅಮೆರಿಕನ್ ರಾಯಭಾರಿ ಆವೆರೆಲ್ ಹ್ಯಾರಿಮನ್ ಅವರಿಗೆ ಅಮೆರಿಕದ ರಾಜಮುದ್ರೆಯ ಮರದ ಕೆತ್ತನೆಯನ್ನು ಕಾಣಿಕೆಯಾಗಿ ಕೊಟ್ಟರು. ಅದು ರಾಯಭಾರಿಯ ನಿವಾಸದ ಗೋಡೆಯ ಮೇಲೆ 1952ರವರೆಗೂ ತೂಗುತ್ತಿತ್ತು. ಒಳಗೆ ಕದ್ದಾಲಿಸುವ ಸಾಧನ! ಅದರಲ್ಲಿ ಬ್ಯಾಟರಿ ಇಲ್ಲ, ತಂತಿಯೂ ಇಲ್ಲ. ಹೊರಗಿನಿಂದ ರೇಡಿಯೊ ಅಲೆ ಹಾಯಿಸಿದಾಗ ಮಾತ್ರ ಅದಕ್ಕೆ ಜೀವ; ಕೋಣೆಯ ಮಾತಿಗೆ ಅದರ ತೆಳು ಪೊರೆ ಕಂಪಿಸಿ, ಮರಳಿ ಹೋಗುವ ಅಲೆಯಲ್ಲಿ ಆ ಮಾತನ್ನು ಮೂಡಿಸುತ್ತಿತ್ತು. ಸುಮ್ಮನಿದ್ದಾಗ ಯಾವ ಅಲೆಯನ್ನೂ ಹೊಮ್ಮಿಸದ್ದರಿಂದ ಅಷ್ಟು ವರ್ಷ ಸಿಕ್ಕಿಬೀಳಲಿಲ್ಲ. ಅದನ್ನು ರೂಪಿಸಿದವರು ಲಿಯಾನ್ ಥೆರಮಿನ್, ಮುಟ್ಟದೆಯೇ ನುಡಿಸುವ ವಾದ್ಯವನ್ನು ಕಂಡುಹಿಡಿದ ಅದೇ ಥೆರಮಿನ್. 1973ರಲ್ಲಿ ಚಾರ್ಲ್ಸ್ ವಾಲ್ಟನ್ ಎಂಬಾತ ಬ್ಯಾಟರಿಯಿಲ್ಲದ ಕಾರ್ಡಿನಿಂದ ಬಾಗಿಲ ಬೀಗ ತೆರೆಯುವ ಪೇಟೆಂಟ್ ಪಡೆದ. ತೊಂಬತ್ತರ ದಶಕದಲ್ಲಿ ಕಳ್ಳತನ ತಡೆಯಲೆಂದು ಇಂಥದ್ದೇ ಚಿಪ್ ಕಾರಿನ ಕೀಯ ತಲೆಯೊಳಗೆ ಸೇರಿತು. ಅದೇ ಇಮೊಬಿಲೈಸರ್. ಬ್ರಿಟನ್ 1998ರಲ್ಲಿ ಹೊಸ ಕಾರುಗಳಿಗೆ ಅದನ್ನು ಕಡ್ಡಾಯ ಮಾಡಿತು.

ಇನ್ನು ಅಜ್ಜ. ರಿಮೋಟ್ ಅಂಚಿನ ಸಣ್ಣ ಗುಂಡಿ ಸರಿಸಿ ಎಳೆದರೆ ಹೊರಬರುವ ಲೋಹದ ಕೀ ಇವನೇ. ಇವನಿಗೆಂದು ಡ್ರೈವರ್ ಬಾಗಿಲಿನಲ್ಲಿ ಕಿಂಡಿಯೂ ಇದೆ. ಅಂದಗೆಡುತ್ತದೆಂದು ಹಲವು ಮಾದರಿಗಳಲ್ಲಿ ಅದರ ಮೇಲೆ ಮುಚ್ಚಳ ಹಾಕಿರುತ್ತಾರೆ. ನನ್ನ ತಕರಾರು ಇರುವುದು ಈ ಮುಚ್ಚಳದ ಬಗ್ಗೆಯೇ. ಆಪತ್ತಿಗೆಂದು ಇಟ್ಟ ದಾರಿಯನ್ನು ಕಣ್ಣಿಗೆ ಬೀಳದಂತೆ ಮಾಡಿದರೆ ಅದು ಇದ್ದೂ ಇಲ್ಲದಂತೆ. 2015ರ ಜೂನ್‌ನಲ್ಲಿ ಅಮೆರಿಕದ ಟೆಕ್ಸಾಸ್‌ನ ಪೋರ್ಟ್ ಆರ್ಥರ್ ಊರಿನಲ್ಲಿ ಹಿರಿಯರೊಬ್ಬರು ತಮ್ಮ ನಾಯಿಯೊಂದಿಗೆ ಕಾರ್ವೆಟ್ ಕಾರಿನೊಳಗೆ ಸಿಕ್ಕಿಕೊಂಡು ಬಿಸಿಲ ಝಳಕ್ಕೆ ಸತ್ತುಹೋದರು. ಬ್ಯಾಟರಿಯ ಕೇಬಲ್ ಕಳಚಿಕೊಂಡು ವಿದ್ಯುತ್ ಬೀಗಗಳು ನಿಂತುಹೋಗಿದ್ದವು. ಬಾಗಿಲನ್ನು ಕೈಯಿಂದಲೇ ಬಿಡಿಸುವ ಹಿಡಿಯೊಂದು ಆ ಕಾರಿನಲ್ಲಿ ಇತ್ತು, ಸೀಟಿನ ಪಕ್ಕದಲ್ಲಿ, ನೆಲದ ಹತ್ತಿರ. ಅಂಥ ಹಿಡಿ ಇರುವುದನ್ನು ಕಾರು ಕೊಡುವ ದಿನವೇ ಮಾಲೀಕರ ಕೈ ಹಿಡಿದು ತೋರಿಸಬೇಕು. ದಪ್ಪನೆಯ ಕೈಪಿಡಿಯ ಯಾವುದೋ ಪುಟದಲ್ಲಿ ಅಚ್ಚು ಹಾಕಿದರೆ ಸಾಲದು.

ಪ್ರಶ್ನೆ ಕೇಳಿದವರಿಗೆ ಇನ್ನೊಂದು ಮಾತು. ತಾಗಿಸುವ ಜಾಗ ಎಲ್ಲ ಕಾರುಗಳಲ್ಲೂ ಸ್ಟಾರ್ಟ್ ಬಟನ್ ಅಲ್ಲ. ಕೆಲವದರಲ್ಲಿ ಲೋಟ ಇಡುವ ಗುಳಿಯ ತಳದಲ್ಲಿರುತ್ತದೆ, ಕೆಲವದರಲ್ಲಿ ಸ್ಟೀರಿಂಗ್ ಪಕ್ಕದಲ್ಲಿ. ಕಾರಿನ ಬ್ಯಾಟರಿಯೇ ಪೂರ್ತಿ ಇಳಿದಿದ್ದರೆ ಅಪ್ಪ, ಮಗ ಇಬ್ಬರಿಂದಲೂ ಏನೂ ಆಗದು. ಬಾಗಿಲು ತೆಗೆಯಲು ಲೋಹದ ಕೀಯೇ ಗತಿ. ಸೆಲ್ ಮಾತ್ರ ಸತ್ತಿದ್ದಾಗ ಆ ಕೀಯಿಂದ ಬಾಗಿಲು ತೆಗೆದರೆ ಕೆಲವು ಕಾರುಗಳು ಕಳ್ಳನೆಂದು ಅರಚತೊಡಗುತ್ತವೆ. ಗಾಬರಿ ಬೇಡ. ಒಳಗೆ ಕೂತು ರಿಮೋಟನ್ನು ಅದರ ಜಾಗಕ್ಕೆ ತಾಗಿಸಿ ಸ್ಟಾರ್ಟ್ ಒತ್ತಿದರೆ, ಕಾರು ಗುರುತು ಹಿಡಿದು ಸುಮ್ಮನಾಗುತ್ತದೆ.