ಬಿಸಿಗೆ ಮಣಿಯುವ ಅಕ್ರಿಲಿಕ್

ಬ್ಯಾಂಕಿನ ಕೌಂಟರು, ಮೇಜಿನ ಮೇಲಿನ ಹೆಸರುಫಲಕ, ಮೊಬೈಲ್ ಅಂಗಡಿಯ ಸ್ಟ್ಯಾಂಡು: ಗಾಜೆಂದುಕೊಂಡು ಬೆರಳಿನಿಂದ ತಟ್ಟಿದರೆ ಗಾಜಿನ ಸದ್ದು ಬರುವುದಿಲ್ಲ. ಅದು ಅಕ್ರಿಲಿಕ್. ತೂಕ ಗಾಜಿನ ಅರ್ಧದಷ್ಟು. ಬಿದ್ದ ಬೆಳಕಿನಲ್ಲಿ ಶೇ 92ರಷ್ಟನ್ನು ಆಚೆ ಬಿಡುತ್ತದೆ. 1930ರ ದಶಕದಲ್ಲಿ ಜರ್ಮನಿಯ ಓಟೊ ರೋಮ್ ಅವರ ಕಂಪನಿ ಇದನ್ನು ಪ್ಲೆಕ್ಸಿಗ್ಲಾಸ್ ಎಂದು, ಬ್ರಿಟನ್ನಿನ ಐಸಿಐ ಪರ್‌ಸ್ಪೆಕ್ಸ್ ಎಂದು ಮಾರುಕಟ್ಟೆಗೆ ತಂದವು. ಎರಡನೇ ಮಹಾಯುದ್ಧದಲ್ಲಿ ವಿಮಾನದ ಅಕ್ರಿಲಿಕ್ ಮುಚ್ಚಿಗೆ ಒಡೆದು ಪೈಲಟ್‌ಗಳ ಕಣ್ಣು ಹೊಕ್ಕ ಚೂರುಗಳು ಕಣ್ಣನ್ನು ಕೆರಳಿಸದೆ ಅಲ್ಲೇ ಉಳಿದಿದ್ದವು. ಅದನ್ನು ಗಮನಿಸಿದ ಲಂಡನ್ನಿನ ವೈದ್ಯ ಹೆರಾಲ್ಡ್ ರಿಡ್ಲಿ 1949ರಲ್ಲಿ ಅದೇ ವಸ್ತುವಿನ ಮಸೂರವನ್ನು ರೋಗಿಯ ಕಣ್ಣಿಗೆ ಕೂರಿಸಿದರು.

ಇಷ್ಟು ದೊಡ್ಡ ಚರಿತ್ರೆಯ ಹಾಳೆಯನ್ನು ಮನೆಯ ಮೇಜಿನ ಮೇಲೇ ಕತ್ತರಿಸಿ ಬಗ್ಗಿಸಬಹುದು. ಕತ್ತರಿಸುವಾಗ ಬಿಸಿ ಹುಟ್ಟಕೂಡದು, ಬಗ್ಗಿಸುವಾಗ ಬಿಸಿ ಸಾಲದಾಗಬಾರದು. ಕಸುಬೆಲ್ಲ ಇಷ್ಟೇ.

3 ಮಿ.ಮೀ.ವರೆಗಿನ ಶೀಟಿಗೆ ಗರಗಸ ಬೇಡ. ಮೇಲಂಟಿಸಿದ ಕಾಗದ ತೆಗೆಯದೆ, ಸ್ಟೀಲ್ ಸ್ಕೇಲ್ ಒತ್ತಿ ಹಿಡಿದು, ಕೊಕ್ಕೆ ಮೂತಿಯ ಕಟರ್‌ನಿಂದ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಮತ್ತೆ ಮತ್ತೆ ಗೀರಬೇಕು. ದಪ್ಪದ ಮೂರನೇ ಒಂದು ಭಾಗ ಇಳಿದ ಮೇಲೆ, ಗೀರನ್ನು ಮೇಲ್ಮುಖವಾಗಿಟ್ಟು ಮೇಜಿನಂಚಿಗೆ ಸರಿಯಾಗಿ ಹೊಂದಿಸಿ ಒತ್ತಿದರೆ ಟಕ್ಕೆಂದು ಮುರಿಯುತ್ತದೆ. ಅವಸರಪಟ್ಟವರ ಶೀಟು ಮಾತ್ರ ತನಗೆ ತೋಚಿದ ಕಡೆ ಸೀಳುತ್ತದೆ. ದಪ್ಪ ಶೀಟಿಗೂ ತಿರುವುಗಳಿಗೂ ಸಣ್ಣ ಹಲ್ಲಿನ ಗರಗಸವೇ ಬೇಕು. ಯಂತ್ರದ ಗರಗಸವನ್ನು ಜೋರಾಗಿ ಓಡಿಸಿದರೆ ಪುಡಿ ಕರಗಿ, ಕೊಯ್ದ ಗೆರೆ ಹಿಂದಿನಿಂದಲೇ ಬೆಸೆದುಕೊಳ್ಳುತ್ತದೆ.

ಬಗ್ಗಿಸುವುದೇ ನಿಜವಾದ ಮಜಾ. ತಣ್ಣಗಿರುವಾಗ ಬಗ್ಗಿಸಹೊರಟರೆ ಮುರಿಯುವುದು ಖಂಡಿತ. ಸುಮಾರು 150 ಡಿಗ್ರಿ ಸೆಲ್ಸಿಯಸ್ ತಲುಪಿದರೆ ಅದೇ ಶೀಟು ಬಿಸಿ ಹಪ್ಪಳದ ಹಾಗೆ ಜೋಲುತ್ತದೆ. ಬೋರ್ಡ್ ಮಾಡುವ ಅಂಗಡಿಗಳಲ್ಲಿ ಬಿಗಿದ ನೈಕ್ರೋಮ್ ತಂತಿಯನ್ನು ಕಾಯಿಸಿ, ಅದರ ಮೇಲೆ ತುಸು ಎತ್ತರದಲ್ಲಿ ಶೀಟು ಇಡುತ್ತಾರೆ. ಹಾಗಾಗಿ ಬಗ್ಗಬೇಕಾದ ಗೆರೆ ಮಾತ್ರ ಕಾಯುತ್ತದೆ. ಮನೆಯಲ್ಲಿ ಹೀಟ್ ಗನ್ ಸಾಕು. ಕಾಗದ ಕಿತ್ತು, ಎರಡೂ ಬದಿಗೆ ಬಿಸಿ ತಾಗಿಸುತ್ತ, ಒಂದೇ ಕಡೆ ನಿಲ್ಲಿಸದೆ ಆಡಿಸಬೇಕು. ಗ್ಯಾಸ್ ಒಲೆಯ ಉಪಾಯ ಬೇಡವೇ ಬೇಡ. ಅಕ್ರಿಲಿಕ್ ಚೆನ್ನಾಗಿಯೇ ಹೊತ್ತಿಕೊಳ್ಳುತ್ತದೆ. ಶೀಟು ಬಿಗಿ ಎನಿಸಿದರೆ ಇನ್ನೂ ಕಾಯಿಸಿ. ಬಲವಂತ ಮಾಡಿದರೆ ಮಡಿಕೆಯಲ್ಲಿ ಕೂದಲೆಳೆಯ ಬಿರುಕುಗಳೇಳುತ್ತವೆ. ವಿಪರೀತ ಕಾದರೆ ಹೀರಿಕೊಂಡಿದ್ದ ತೇವ ಒಳಗೇ ಗುಳ್ಳೆಗಟ್ಟುತ್ತದೆ. ಮಳೆಗಾಲದಲ್ಲಿ ಈ ಕಾಟ ಜಾಸ್ತಿ. ಮೆತ್ತಗಾದೊಡನೆ ಮರದ ತುಂಡಿನ ಮೂಲೆಗೆ ಒತ್ತಿ, ತಾನಾಗಿ ತಣಿಯುವವರೆಗೆ ಕೈ ಬಿಡಬಾರದು.

ಕೋನ ತಪ್ಪಿತೆ? ಮತ್ತೆ ಕಾಯಿಸಿದರೆ ಎರಕದ, ಅಂದರೆ ‘ಕಾಸ್ಟ್’ ಶೀಟು ಬಹುಮಟ್ಟಿಗೆ ಮೊದಲಿನ ಚಪ್ಪಟೆ ರೂಪಕ್ಕೆ ಮರಳುತ್ತದೆ. ಅಂಗಡಿಯಲ್ಲಿ ‘ಕಾಸ್ಟ್’ ಶೀಟನ್ನೇ ಕೇಳಿ ತರುವುದಕ್ಕೆ ಇದೊಂದೇ ಕಾರಣ ಸಾಕು.

ಜೋಡಣೆಗೆ ಬೋರ್ಡಿನವರು ಬಳಸುವ ಕ್ಲೋರೋಫಾರ್ಮ್ ಅಂಟಲ್ಲ, ಎರಡೂ ಮೈಗಳನ್ನು ಕರಗಿಸಿ ಒಂದು ಮಾಡುವ ದ್ರಾವಕ. ಸಿರಿಂಜಿನಿಂದ ಸಂದಿಗೆ ಮುಟ್ಟಿಸಿದರೆ ತಾನೇ ಒಳಗೆ ಹರಿಯುತ್ತದೆ. ಅದರ ಆವಿ ವಿಷ. ಮುಚ್ಚಿದ ಕೋಣೆಯಲ್ಲಿ, ಮಕ್ಕಳಿರುವ ಕಡೆ ಈ ಕೆಲಸಕ್ಕೆ ಕೈ ಹಾಕಬಾರದು. ನನ್ನನ್ನು ಕೇಳಿದರೆ, ಹೊಸಬರು ಜೋಡಣೆಯ ಗೋಜಿಗೇ ಹೋಗದೆ ಎರಡು ಮಡಿಕೆಯ ಪುಸ್ತಕದ ಸ್ಟ್ಯಾಂಡಿನಿಂದ ಶುರು ಮಾಡುವುದು ಲೇಸು. ಮುಗಿದ ಮೇಲೆ ಒರೆಸಲು ಸ್ಪಿರಿಟ್ ಬೇಡ, ಸೋಪಿನ ನೀರೂ ಮೆತ್ತನೆಯ ಬಟ್ಟೆಯೂ ಸಾಕು.